ದೊಡ್ಡಮ್ಮ ಹೂ ಕೇಳಿದ ದಿನ

ಅವತ್ತು ಹೂವು ಬಲಕ್ಕೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಈಗ ಬರೆಯಲು ಕೂತಾಗ ಆ ಮಾತಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಗುಡಿಯ ಬಾಗಿಲು ಕಿರಿದು. ನನ್ನ ಮುಂದೆ ದೊಡ್ಡಮ್ಮ ನಿಂತಿದ್ದಳು, ಅವಳದ್ದು ಅಗಲವಾದ ಬೆನ್ನು. ನಾನು ಕಂಡದ್ದು ಆ ಬೆನ್ನನ್ನು ಮಾತ್ರ ಇರಬಹುದು. ಹೂವು ಆಮೇಲೆ ಬೇರೆಯವರ ಮಾತಿನಿಂದ ಬಂದು ನನ್ನ ನೆನಪಿನೊಳಗೆ ಸೇರಿಕೊಂಡಿರಬಹುದು. ಅಮ್ಮ ಅದು ಸೇವಂತಿಗೆ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಅದು ಕಣಗಿಲೆ. ಅಪ್ಪನನ್ನು ಕೇಳಿದರೆ, "ನಾನು ಒಳಗೇ ಬರ್ಲಿಲ್ವಲ್ಲೇ, ಗಾಡಿ ಹತ್ರ ಇದ್ದೆ" ಎನ್ನುತ್ತಾನೆ. ಆದರೆ ಅಪ್ಪ ಚಪ್ಪಲಿ ಬಿಟ್ಟು ಬಂದು ಗಂಟೆ ಹೊಡೆದ ಸದ್ದು ನನ್ನ ಕಿವಿಯಲ್ಲಿದೆ. ಹೈಸ್ಕೂಲಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ತೆಗೆದು ನೋಡಿದರೆ ಆ ದಿನದ ಪುಟದಲ್ಲಿ "ಹೂವಾಯಿತು" ಎಂದಷ್ಟೇ ಇದೆ. ಖುಷಿಯಲ್ಲಿದ್ದಾಗ ನಾನು ಹೆಚ್ಚು ಬರೆಯುವುದಿಲ್ಲ ಎಂದು ಅದರಿಂದ ತಿಳಿಯುತ್ತದೆ, ಅಷ್ಟೇ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾಳೆ. ದೊಡ್ಡಪ್ಪ ತೀರಿಕೊಂಡ ಮೇಲೆ ಗಿರಣಿ ಮುಚ್ಚುತ್ತಾಳೆ ಎಂದು ಎಲ್ಲರೂ ಎಣಿಸಿದ್ದರಂತೆ. ಅವಳು ಮಾತ್ರ ತಿಥಿ ಮುಗಿಸಿಕೊಂಡು ಬಂದು ಬೆಲ್ಟ್ ಏರಿಸಿದಳು. ಹಣೆಯ ವಿಭೂತಿ ಯಾವುದು, ರಾಗಿ ಹಿಟ್ಟು ಯಾವುದು ಎಂದು ಸಂಜೆ ಹೊತ್ತಿಗೆ ಗೊತ್ತಾಗುವುದಿಲ್ಲ. ನಮ್ಮ ಎರಡೂ ಮನೆಗಳಲ್ಲಿ ದೊಡ್ಡ ತೀರ್ಮಾನಗಳಿಗೆಲ್ಲ ಹೂ ಕೇಳುವವಳು ಅವಳೇ. ಅಂತರಘಟ್ಟೆ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆದೇವರಾದ ಅಮ್ಮನವರ ಪುಟ್ಟ ಗುಡಿಯಿದೆ. ಪೂಜಾರಪ್ಪ ಹೂವುಗಳನ್ನು ನೀರಿನಲ್ಲಿ ಅದ್ದಿ ಅಮ್ಮನವರ ಎಡಬಲಕ್ಕೆ ಅಂಟಿಸುತ್ತಾನೆ. ಕೇಳುವವರು ತಮ್ಮ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೈಮುಗಿದು ನಿಲ್ಲಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಕೇಳಿದ್ದು ಏನು ಎಂಬುದನ್ನು ಆ ಕೆಲಸ ಕೈಗೂಡುವ ತನಕ ಬಾಯಿಬಿಟ್ಟು ಹೇಳಬಾರದು. ಮಾವನ ಮಗಳ ಮದುವೆ, ಗಿರಣಿಯ ಹೊಸ ಮೋಟಾರು, ಒಮ್ಮೆ ಒಂದು ಸೀಮೆಹಸು, ಎಲ್ಲಕ್ಕೂ ದೊಡ್ಡಮ್ಮ ಹಾಗೆ ನಿಂತವಳು. ಎಡಕ್ಕೆ ಬಿದ್ದದ್ದನ್ನು ಒಮ್ಮೆಯೂ ಮೀರಿದವಳಲ್ಲ. ಆ ಸೀಮೆಹಸು ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾಳೆ, ಕೊಳ್ಳಲಿಲ್ಲ.

ನನ್ನ ವಿಷಯದಲ್ಲಿ ಕೇಳಬೇಕಾಗಿದ್ದು ನಾನು ಮುಂದೆ ಏನು ಓದಬೇಕು ಎಂದು.

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನಾನು ಎರಡನೇ ಪಿಯುಸಿಯಲ್ಲಿದ್ದಾಗ ಕಡೂರಿನ ನಮ್ಮ ಬೀದಿಯಲ್ಲಿ ಮನೆಮನೆಗೆ ಡೆಂಗ್ಯೂ ಜ್ವರ ಬಂತು. ಆಗ ಒಬ್ಬ ಹೆಂಗಸು ಬಂದರು. ಯಾರ ಕೈಯನ್ನೂ ಹಿಡಿದು ನೋಡಲಿಲ್ಲ, ಸ್ಟೆತಸ್ಕೋಪೂ ಇರಲಿಲ್ಲ. ಈ ಬೀದಿಯಲ್ಲಿ ಜ್ವರ ಮೊದಲು ಯಾರಿಗೆ ಬಂತು, ಆಮೇಲೆ ಯಾರಿಗೆ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಜಗುಲಿ ಜಗುಲಿಯಲ್ಲಿ ಕೂತು ಕೇಳಿದರು.

"ನೀರು ಬಂದಾಗ್ಲೇ ಅಲ್ವೇನ್ರೀ ಬಂತು ಅಂತ ಗೊತ್ತಾಗೋದು," ಎಂದಳು ಅಮ್ಮ. ಅವರು ನಕ್ಕರು.

ನಮ್ಮ ತಾರಸಿಗೆ ಬಂದು ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಒಳಗೆ ಸಣ್ಣ ಸಣ್ಣ ಹುಳಗಳು ಬಳುಕುತ್ತಿದ್ದವು. ಅಮ್ಮನಿಗೆ ನಾಚಿಕೆಯಾಗಿ ಸೆರಗು ಬಾಯಿಗೆ ಬಂತು. ಅವರು ಬೈಯಲಿಲ್ಲ. "ನೀರು ದಿನಾ ಬಂದಿದ್ರೆ ನೀವ್ಯಾಕೆ ತುಂಬಿಸಿಡ್ತಿದ್ರಿ," ಎಂದರು. ಹಾಗೆಂದರೋ, ಅಥವಾ ಅದೇ ಅರ್ಥದ ಇನ್ನೊಂದು ಮಾತೋ, ನಾನು ಆಣೆ ಮಾಡಲಾರೆ. ಆದರೆ ಜ್ವರ ನಮ್ಮ ಮೈಯಲ್ಲಿ ಶುರುವಾಗುವುದಿಲ್ಲ, ಅದಕ್ಕಿಂತ ಎಷ್ಟೋ ಮೊದಲು ನಲ್ಲಿಯಲ್ಲಿ ಶುರುವಾಗಿರುತ್ತದೆ ಎಂದು ನನಗೆ ಆ ತಾರಸಿಯಲ್ಲಿ ಹೊಳೆಯಿತು. ನೀವು ಡಾಕ್ಟ್ರಾ ಮೇಡಂ ಎಂದು ಕೇಳಿದೆ. "ಅಲ್ಲಮ್ಮಾ, ನಾನು ಪಬ್ಲಿಕ್ ಹೆಲ್ತ್ ಓದಿರೋದು," ಎಂದರು.

ನನಗೆ ಮೆಡಿಕಲ್ ಸೀಟು ಸಿಗುವುದಿಲ್ಲವೆಂದು ಆ ಹೊತ್ತಿಗಾಗಲೇ ಗೊತ್ತಾಗಿತ್ತು. ಆ ಮೇಲೆ ನಾನು ಮಾಡಿದ್ದು ತಲೆಕೆಳಗಾದ ಲೆಕ್ಕ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮೇಲ್ತುದಿಗೆ ಎಂ.ಪಿ.ಎಚ್., ಅಂದರೆ ಪಬ್ಲಿಕ್ ಹೆಲ್ತಿನ ಸ್ನಾತಕೋತ್ತರ ಪದವಿ, ಎಂದು ಬರೆದು, ಅಲ್ಲಿಗೆ ಹೋಗಲು ಅದರ ಕೆಳಗೆ ಏನಿರಬೇಕು ಎಂದು ಬಾಣಗಳನ್ನು ಎಳೆದುಕೊಂಡು ಇಳಿಯುತ್ತ ಬಂದೆ. ಕೆಲವು ವಿಶ್ವವಿದ್ಯಾಲಯಗಳು ಯಾವ ಡಿಗ್ರಿಯಾದರೂ ಸರಿ ಎನ್ನುತ್ತಿದ್ದವು, ಕೆಲವು ವೈದ್ಯಕೀಯವೋ ನರ್ಸಿಂಗೋ ಆಗಿರಬೇಕು ಎನ್ನುತ್ತಿದ್ದವು, ಕೆಲವಕ್ಕೆ ವಿಜ್ಞಾನ ಸಾಕಿತ್ತು. ಎಲ್ಲಿಗೆ ಹೋದರೂ ಸಂಖ್ಯಾಶಾಸ್ತ್ರ ಬೇಕು, ಜನರ ನಡುವೆ ಓಡಾಡಿದ ಅನುಭವ ಬೇಕು. ಜೀವಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡುವುದು, ಸಂಖ್ಯಾಶಾಸ್ತ್ರವನ್ನು ಹೊರಗೆ ಕಲಿಯುವುದು, ರಜೆಯಲ್ಲಿ ಯಾವುದಾದರೂ ಸಮೀಕ್ಷೆಯ ಕೆಲಸಕ್ಕೆ ಸೇರುವುದು. ನಮ್ಮ ಕಾಲೇಜಿನ ಲೆಕ್ಚರರ್ ಒಬ್ಬರು ಹಾಳೆ ನೋಡಿ, ತರೀಕೆರೆಯ ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ, ಆಸೆಯಿಂದ ಬಂದವರಿಗೆ ಕ್ಲಾಸು ಮುಗಿದ ಮೇಲೆ ಕೂತು ಕಲಿಸುತ್ತಾರೆ ಎಂದರು. ಹಾಳೆಯ ಕೆಳತುದಿಗೆ ತರೀಕೆರೆ ಎಂದು ಬರೆದೆ.

ಅಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನಿಂದ ಎತ್ತಿ ತಂದ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಹಾಳೆಯನ್ನು ತಂತಿಯ ಸುರುಳಿಗಳ ಮೇಲೆ ಹರಡಿ ತೋರಿಸಿದೆ. ತುಂಬ ಹೊತ್ತು ನೋಡಿದ.

"ಮೂರು ವರ್ಷ ಇದು. ಆಮೇಲೆ ಎರಡು ವರ್ಷ ಅದು. ಅದಾದ್ಮೇಲೆ ನಿಂಗೆ ಏನಂತ ಬೋರ್ಡ್ ಹಾಕ್ತಾರೆ? ಡಾಕ್ಟ್ರು ಅಂತಾನಾ?"

"ಇಲ್ಲಪ್ಪ."

"ನರ್ಸು ಅಂತ?"

"ಅದೂ ಅಲ್ಲ."

"ಮತ್ತೆ ಚರಂಡಿಗೆ ಬ್ಲೀಚಿಂಗ್ ಪೌಡ್ರು ಹಾಕಕ್ಕೆ ಐದು ವರ್ಷ ಓದ್ಬೇಕೇನೇ? ಕಡೂರಲ್ಲೇ ಕಾಲೇಜ್ ಇಟ್ಕಂಡು ತರೀಕೆರೆಗೆ ಬೇರೆ ಹೋಯ್ತಾಳಂತೆ."

ಅಪ್ಪ ಕೆಟ್ಟ ಮನಸ್ಸಿನಿಂದ ಹೀಗೆ ಹೇಳಲಿಲ್ಲ. ಶಿವಮೊಗ್ಗದಲ್ಲಿ ಪರಿಚಯದವರ ಮೂಲಕ ನರ್ಸಿಂಗ್ ಸೀಟು ಸಿಗುವುದಿತ್ತು. ಓದು ಮುಗಿದ ದಿನವೇ ಕೆಲಸ. ಕೆಟ್ಟ ಮೋಟಾರು ಕೊಟ್ಟರೆ ಓಡುವ ಮೋಟಾರು ಕೊಡುವವನಿಗೆ, ಕೊನೆಯಲ್ಲಿ ಏನು ಓಡುತ್ತದೆ ಎಂದು ಹೇಳಲಾಗದ ಓದು ಹೇಗೆ ಅರ್ಥವಾಗಬೇಕು? ನನಗೂ ಆಗ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅಮ್ಮ ನನ್ನ ಕಡೆಗಿದ್ದಳು, ಆದರೆ ನಾನು ಮನೆಯಿಂದಲೇ ಓಡಾಡುತ್ತೇನಲ್ಲ ಎಂಬ ಕಾರಣಕ್ಕೆ. ಮಾತು ಮುಂದೆ ಹೋಗಲಿಲ್ಲ. ಕೊನೆಗೆ ಅಪ್ಪನೇ, "ಅಕ್ಕನ ಕೈಲಿ ಹೂ ಕೇಳ್ಸಣ. ಅಮ್ಮನೋರು ಹೇಳ್ದಂಗೆ ಆಗ್ಲಿ," ಎಂದ. ನಾನು ಒಪ್ಪಿಕೊಂಡೆ. ಸಂಖ್ಯಾಶಾಸ್ತ್ರ ಓದಬೇಕೆಂದು ಹಟ ಹಿಡಿದವಳು ಹೂವಿನ ಮೇಲೆ ಹೇಗೆ ಬಿಟ್ಟೆ ಎಂದು ಸ್ನೇಹಿತರು ಕೇಳುತ್ತಾರೆ. ಹೂ ಕೇಳುವುದು ಬೇಡ ಎನ್ನಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಅಪ್ಪನ ಗೂಡ್ಸ್ ಆಟೋದಲ್ಲಿ ಹೊರಟೆವು. ಅಪ್ಪ, ಅಮ್ಮ ಮುಂದೆ. ಹಿಂದೆ ನಾನು, ನನ್ನ ಜೊತೆಗೆ ದಾರಿಯ ತೋಟವೊಂದಕ್ಕೆ ಮುಟ್ಟಿಸಬೇಕಾಗಿದ್ದ ಒಂದು ಮೋಟಾರು. ಅಜ್ಜಂಪುರದ ಗಿರಣಿಯ ಮುಂದೆ ದೊಡ್ಡಮ್ಮ ತಲೆಗೆ ಸ್ನಾನ ಮಾಡಿ ಕಾಯುತ್ತಿದ್ದಳು. ಅವಳು ಗಾಡಿ ಹತ್ತುವಾಗ ಅಪ್ಪ, "ನರ್ಸಿಂಗಿಗೆ ಸೇರಿಸ್ಲಾ ಅಂತ ಕೇಳಕ್ಕ," ಎಂದ. ದೊಡ್ಡಮ್ಮ "ಹೂಂ ಕಣಪ್ಪ" ಎಂದಳು. ಇದು ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ಆ "ಹೂಂ" ಕೇಳಿ ಇನ್ನು ಶಿವಮೊಗ್ಗವೇ ಗತಿ ಎಂದುಕೊಂಡಿದ್ದೆ.

ಗುಡಿಯ ಹೊರಗೆ ನಲ್ಲಿಯ ಬಳಿ ನಾವಿಬ್ಬರೂ ಕಾಲು ತೊಳೆಯುತ್ತಿದ್ದೆವು. ದೊಡ್ಡಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ನನ್ನ ಕಡೆ ನೋಡದೆ ಕೇಳಿದಳು.

"ನಿಂಗೇನ್ ಬೇಕೇ?"

"ಜ್ವರ ಬಂದಾಗ ನಮ್ಮ ಬೀದಿಗೆ ಒಬ್ರು ಮೇಡಂ ಬಂದಿದ್ರಲ್ಲ ದೊಡ್ಡಮ್ಮ. ಅವ್ರ ಥರ ಆಗ್ಬೇಕು."

"ಅವ್ರೇನ್ ಮಾಡ್ತಾರೆ?"

"ಜನಕ್ಕೆ ಕಾಯಿಲೆ ಯಾಕೆ ಬರುತ್ತೆ ಅಂತ ನೋಡ್ತಾರೆ."

"ಬಂದ್ಮೇಲೆ ನೋಡೋರು ಅಲ್ಲ?"

"ಬರೋಕೆ ಮುಂಚೆ."

ಅವಳು "ನಿಮ್ ದೊಡ್ಡಪ್ಪಂಗೂ ಯಾರಾನ ಮುಂಚೆನೇ ಬಂದು ನೋಡಿದ್ರೆ," ಎಂದು ನಲ್ಲಿ ತಿರುಗಿಸಿ ಒಳಗೆ ಹೋದಳು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಾಗಿದ್ದು ಕಾಲಿನ ಗಾಯ ಕೊಳೆಯಲು ಶುರುವಾದ ಮೇಲೆ.

ಗುಡಿಯೊಳಗೆ ಎಷ್ಟು ಹೊತ್ತು ನಿಂತಿದ್ದೆವೋ. ತುಂಬ ಹೊತ್ತು ಎಂದು ನನಗೆ. ಅಮ್ಮನನ್ನು ಕೇಳಿದರೆ, ಕರ್ಪೂರ ಆರುವುದರೊಳಗೆ ಬಿತ್ತು ಎನ್ನುತ್ತಾಳೆ. ಪೂಜಾರಪ್ಪ "ಬಲ ಆಯ್ತು ಕಣವ್ವ" ಎಂದದ್ದು ಮಾತ್ರ ನಾವೆಲ್ಲರೂ ಕೇಳಿದ್ದು. ಹೊರಗಿದ್ದೆ ಎನ್ನುವ ಅಪ್ಪನೂ.

ದೊಡ್ಡಮ್ಮನನ್ನು ಬಿಡಲು ವಾಪಸು ಅಜ್ಜಂಪುರಕ್ಕೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ನಿಲ್ಲಿಸಿದೆವು. ಅಪ್ಪ ಲೋಟ ಹಿಡಿದು ನೆಮ್ಮದಿಯಿಂದ ಹೇಳಿದ: "ಸದ್ಯ, ಅಮ್ಮನೋರು ಬಲ ಕೊಟ್ರು. ನಾಳೆನೇ ಶಿವಮೊಗ್ಗಕ್ಕೆ ಫೋನ್ ಮಾಡ್ತೀನಿ."

"ಶಿವಮೊಗ್ಗಕ್ಕ್ಯಾಕೆ?" ಎಂದಳು ಅಮ್ಮ. "ಬಲ ಆಗಿದ್ದು ಡಿಗ್ರಿಗಲ್ವಾ?"

"ಡಿಗ್ರಿಗೆ ಅಂತ ಯಾವೋಳು ಹೇಳಿದ್ಲು ನಿಂಗೆ? ನರ್ಸಿಂಗಿಗೆ ಸೇರಿಸ್ಲಾ ಅಂತ ತಾನೆ ಕೇಳಕ್ಕೆ ಹೋಗಿದ್ದು?"

"ಡಿಗ್ರಿಗೆ ಕೇಳಕ್ಕ ಅಂತ ನಾ ರಾತ್ರೀನೇ ಫೋನಲ್ಲಿ ಹೇಳಿದ್ದೆ."

"ಹೇಳಿದ್ಯಾ? ನನ್ನ ಒಂದ್ ಮಾತು ಕೇಳ್ದೆ?"

"ನೀವು ಗಾಡಿ ಹತ್ರ ಹೇಳ್ವಾಗ ನನ್ನ ಕೇಳಿದ್ರಾ?"

ಒಂದೇ ಹೂವು, ಇಬ್ಬರ ಕೈಯಲ್ಲಿ ಎರಡು ಉತ್ತರ. ಟೀ ಅಂಗಡಿಯವನೂ ಪಾತ್ರೆಯಿಂದ ಕಣ್ಣೆತ್ತಿ ನೋಡತೊಡಗಿದ. ಕೊನೆಗೆ ಇಬ್ಬರೂ ದೊಡ್ಡಮ್ಮನ ಕಡೆ ತಿರುಗಿದರು. ಅವಳು ಟೀಯನ್ನು ಲೋಟದಿಂದ ಬಸಿಗೆ ಸುರಿದು ಊದುತ್ತಿದ್ದಳು. ಆಗ ನನ್ನನ್ನು ಒಮ್ಮೆ ನೋಡಿದಳು. ಅಥವಾ ನೋಡಿದಳು ಎಂದು ನಾನು ಆಮೇಲೆ ಸೇರಿಸಿಕೊಂಡೆನೋ. ಈ ಒಂದು ನೋಟದ ಮೇಲೆ ಎಷ್ಟೊಂದು ಭಾರ ಹೊರಿಸಿದ್ದೇನೆಂದರೆ, ಅದು ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಈಗ ಹೆದರಿಕೆ.

"ಡಿಗ್ರಿಗೇ ಕಣಪ್ಪ ಕೇಳಿದ್ದು," ಎಂದಳು.

"ಬಾಯಿ ಬಿಟ್ಟು ಹೇಳ್ಬಾರ್ದಲ್ವೇನಕ್ಕ?" ಎಂದ ಅಪ್ಪ, ಸೋತ ದನಿಯಲ್ಲಿ.

"ನೀವು ಬೀದೀಲಿ ನಿಂತ್ಕಂಡು ಕಿತ್ತಾಡ್ತೀರಿ. ಹೇಳ್ದೆ ಇನ್ನೇನ್ ಮಾಡ್ಲಿ?"

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ದೊಡ್ಡಮ್ಮ ದೇವರ ವಿಷಯದಲ್ಲಿ ಸುಳ್ಳು ಹೇಳಬಹುದು ಎಂಬ ಯೋಚನೆಯೇ ಅವನಿಗೆ ಬರುವಂಥದ್ದಲ್ಲ. ಜೂನ್‌ನಲ್ಲೋ ಜುಲೈನಲ್ಲೋ ನಾನು ಬೀರೂರಿನ ಮೇಲೆ ಹಾದು ತರೀಕೆರೆಗೆ ಓಡಾಡಲು ಶುರುಮಾಡಿದೆ. ಕಾಲೇಜು ಬಿಟ್ಟ ಮೇಲೆ ಮೇಷ್ಟ್ರು ಖಾಲಿ ಕ್ಲಾಸಿನಲ್ಲಿ ಕೂರಿಸಿಕೊಂಡು ಸಂಖ್ಯಾಶಾಸ್ತ್ರ ಹೇಳಿಕೊಟ್ಟರು. ಫೀಸಿನ ಮಾತು ಬಂದಾಗ, ನಿಮ್ಮ ಊರಿನ ತೆಂಗಿನಕಾಯಿ ತಾ ಎಂದರು. ಎರಡನೇ ವರ್ಷದಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿತು. ಮನೆಯಲ್ಲಿ ಎಲ್ಲರೂ ಟಿವಿಯ ಮುಂದೆ. ಒಂದು ದಿನ ಅಪ್ಪ ಕೇಳಿದ: "ಈ ಗೆರೆ ಮೇಲಕ್ಕೆ ಹೋಗ್ತಾ ಐತಲ್ಲ, ಅದು ಯಾವಾಗ ಬಗ್ಗುತ್ತೆ ಅಂತ ಹೇಳೋರು ಯಾರು? ಡಾಕ್ಟ್ರಾ?" ಅಂಥವರೇ ನಾನು ಆಗಬೇಕು ಅಂದದ್ದು ಎಂದೆ. ಅಪ್ಪ ನನ್ನನ್ನೂ ಟಿವಿಯನ್ನೂ ನೋಡಿ, "ಹಂಗಾದ್ರೆ ಬ್ಲೀಚಿಂಗ್ ಪೌಡ್ರಿಗಿಂತ ಸ್ವಲ್ಪ ಜಾಸ್ತಿನೇ ಐತೆ," ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬರುವುದಿಲ್ಲ.

ಎಂ.ಪಿ.ಎಚ್.ಗೆ ಸೇರಿದೆ. ಅಲ್ಲಿ ನನ್ನ ಜೊತೆ ಓದಿದವರಲ್ಲಿ ನರ್ಸಿಂಗ್ ಮುಗಿಸಿ ಬಂದವರೂ ಇದ್ದರು. ಅವರಿಗೆ ವಾರ್ಡು ಗೊತ್ತಿತ್ತು, ಗಾಯ ಗೊತ್ತಿತ್ತು, ಹೆದರಿದ ಮನುಷ್ಯನ ಹತ್ತಿರ ಹೇಗೆ ಮಾತಾಡಬೇಕೆಂದು ಗೊತ್ತಿತ್ತು. ಅಪ್ಪ ಹೇಳಿದ ದಾರಿಯಲ್ಲಿ ಬಂದಿದ್ದರೂ ನಾನು ಇದೇ ಬೆಂಚಿಗೆ ಬಂದು ಕೂರಬಹುದಿತ್ತು, ಬಹುಶಃ ಇನ್ನಷ್ಟು ತಿಳಿದವಳಾಗಿ. ಕ್ಯಾಲೆಂಡರ್ ಹಾಳೆಯಲ್ಲಿ ನಾನು ಆ ಬಾಣವನ್ನು ಎಳೆದೇ ಇರಲಿಲ್ಲ. ಅಪ್ಪ ಬೇಕೆಂದದ್ದು ಎನ್ನುವ ಕಾರಣಕ್ಕೇ ಎಳೆಯಲಿಲ್ಲವೇ? ಅಮ್ಮನವರು ಬಲ ಕೊಟ್ಟದ್ದು ನಿಜಕ್ಕೂ ಯಾವುದಕ್ಕೆ? ಪ್ರಶ್ನಾವಳಿ ಬರೆಯುವುದನ್ನು ಕಲಿಸುವ ಕ್ಲಾಸಿನಲ್ಲಿ, ಕೇಳಿದ್ದು ಏನೆಂದು ಸ್ಪಷ್ಟವಿಲ್ಲದಿದ್ದರೆ ಬಂದ ಉತ್ತರಕ್ಕೆ ಬೆಲೆಯಿಲ್ಲ ಎಂದು ಪ್ರೊಫೆಸರ್ ಹೇಳಿದಾಗ ಉಳಿದವರು ಬರೆದುಕೊಂಡರು. ನನಗೆ ಬಸಿಯಲ್ಲಿ ಊದುತ್ತಿದ್ದ ಟೀ ಕಂಡಿತು.

ಆದರೂ, ಓದು ಮುಗಿಸಿ ಊರೂರು ತಿರುಗುವ ಆರೋಗ್ಯ ಸಮೀಕ್ಷೆಯ ಕೆಲಸಕ್ಕೆ ಸೇರಿದ ಮೇಲೂ, ದೊಡ್ಡಮ್ಮನನ್ನು ಕೇಳಲು ಹೋಗಿರಲಿಲ್ಲ. ಕಳೆದ ತಿಂಗಳು ಅಜ್ಜಂಪುರಕ್ಕೆ ಹೋಗಬೇಕಾಯಿತು. ದೊಡ್ಡಮ್ಮನ ಮೊಮ್ಮಗಳು ಈಗ ಎರಡನೇ ಪಿಯುಸಿ. ನನ್ನ ಓದನ್ನೇ ಓದಬೇಕು, ಡಿಗ್ರಿಯಲ್ಲಿ ಏನು ತಗೊಳ್ಳಲಿ ಅತ್ತೆ ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಅವಳ ಎದುರು ಕೂತು ಹೊಸ ಕ್ಯಾಲೆಂಡರಿನ ಹಾಳೆ ಹರಿಯಲು ಹೋದರೆ ಅವಳು ನಕ್ಕು ಮೊಬೈಲಿನಲ್ಲೇ ಬರೆದುಕೊಂಡಳು. ನಾನು ಈ ಸಲ ನರ್ಸಿಂಗಿನ ಬಾಣವನ್ನೂ ಸೇರಿಸಿ ಹೇಳಿದೆ, ಸಮಾಜಕಾರ್ಯದ್ದನ್ನೂ. ಅವಳಿಗೆ ಇನ್ನಷ್ಟು ಗೊಂದಲವಾಯಿತು. ಒಳಗಿನಿಂದ ದೊಡ್ಡಮ್ಮನ ಸೊಸೆ, "ಹಿಂಗೆಲ್ಲ ತಲೆ ಕೆಡಿಸ್ಕಳ್ಳದು ಯಾಕೆ? ಅತ್ತೆ, ಮಂಗಳವಾರ ಹೋಗಿ ಹೂ ಕೇಳ್ಕಂಡ್ ಬನ್ನಿ," ಎಂದಳು.

"ನಾ ಕೇಳಲ್ಲ," ಎಂದಳು ದೊಡ್ಡಮ್ಮ.

ಮನೆಯಲ್ಲಿ ಎಲ್ಲರೂ ತಿರುಗಿ ನೋಡಿದೆವು.

"ಓದೋ ವಿಷ್ಯಕ್ಕೆ ನಾ ಅಮ್ಮನ ಹತ್ರ ಹೋಗಲ್ಲ. ಓದಿರೋಳು ಇಲ್ಲೇ ಅವ್ಳಲ್ಲ, ಇವ್ಳನ್ನೇ ಕೇಳ್ಕಳ್ಳಿ," ಎಂದು ಎದ್ದು ಗಿರಣಿಗೆ ಹೋದಳು.

ಸೊಸೆ ದನಿ ತಗ್ಗಿಸಿ ನನಗೆ ಹೇಳಿದಳು: "ನೀನು ಡಿಗ್ರಿ ಸೇರ್ದಾಗ್ಲಿಂದ ಹಿಂಗೇ ಕಣೇ. ಓದು ಅಂದ್ರೆ ಹೂ ಕೇಳಲ್ಲ. ವರ್ಷಾ ವರ್ಷ ಹೋಗಿ ತಪ್ಪು ಕಾಣಿಕೆ ಹಾಕ್ ಬತ್ತಾರೆ. ಯಾವ ತಪ್ಪು ಅಂತ ಕೇಳಿದ್ರೆ, ನಿಂಗ್ಯಾಕೆ ಅಂತಾರೆ."

ತಪ್ಪು ಕಾಣಿಕೆ ಎಂದರೆ ದೇವರಿಗೆ ನಡೆದುಕೊಳ್ಳುವುದರಲ್ಲಿ ಏನಾದರೂ ಲೋಪವಾಗಿದ್ದರೆ ಕ್ಷಮಿಸು ಎಂದು ಹುಂಡಿಗೆ ಹಾಕುವ ಕಾಣಿಕೆ. ಸೀಮೆಹಸುವನ್ನು ಬಿಟ್ಟುಕೊಟ್ಟವಳು ದೇವರ ಮುಂದೆ ಯಾವ ತಪ್ಪು ಮಾಡಿರಬಹುದು? ನಾನು ನೇರವಾಗಿ ಟೀ ಅಂಗಡಿಗೆ ಹೋಗಿ ನಿಂತೆ, ಮನಸ್ಸಿನಲ್ಲಿ. ಆದರೆ ಅದು ಬೇರೆಯೇ ಏನೋ ಇರಬಹುದು. ತಪ್ಪಿದ ಹರಕೆಯಿರಬಹುದು, ಬಾಯಿಬಿಟ್ಟು ಹೇಳಿದ್ದಕ್ಕೇ ಇರಬಹುದು. ನನಗೆ ಬೇಕಾದ ಕಥೆಗೆ ತಕ್ಕಂತೆ ಸಾಕ್ಷಿ ಜೋಡಿಸುವುದು ನನ್ನ ವಿದ್ಯೆಯಲ್ಲಿ ದೊಡ್ಡ ಅಪರಾಧ.

ಗಿರಣಿಗೆ ಹೋದೆ. ಕರೆಂಟು ಹೋಗಿತ್ತು. ಯಾರದೋ ಜೋಳದ ಡಬ್ಬದ ಪಕ್ಕ ದೊಡ್ಡಮ್ಮ ಕೂತಿದ್ದಳು. ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದು ತಿರುವಿ ನೋಡಿ, ಊರೂರು ತಿರುಗಿ ಕಪ್ಪಾಗಿದ್ದೀಯ ಎಂದಳು. ಸಕ್ಕರೆ ಪರೀಕ್ಷೆ ಮಾಡಿಸಿದೆಯಾ ಎಂದು ನಾನು ಕೇಳಿದೆ. "ನೀ ಹೇಳ್ದಂಗೆ ಮೂರ್ ತಿಂಗ್ಳಿಗೊಂದ್ಸಲ," ಎಂದಳು, ಪಾಠ ಒಪ್ಪಿಸುವವಳಂತೆ. ಆ ಕೈಯನ್ನು ಬಿಡದೆಯೇ ಉಳಿದದ್ದನ್ನೂ ಕೇಳಿಬಿಟ್ಟೆ.

ದೊಡ್ಡಮ್ಮ ಜೋಳದಲ್ಲಿ ಕೈಯಾಡಿಸಿ ಒಂದು ಕಲ್ಲು ಹೆಕ್ಕಿ ಎಸೆದಳು. "ಮೇಡಂ ಆದೆ ತಾನೇ," ಎಂದಳು. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಕರೆಂಟು ಬಂತು. ಅವಳು ಎದ್ದು, ನಿನ್ನೆ ಮಾಡಿದ ಕೆಲಸವನ್ನೇ ಇವತ್ತೂ ಮಾಡುವವಳ ಹಾಗೆ ಸ್ವಿಚ್ಚು ಹಾಕಿ, ಡಬ್ಬವನ್ನು ಎತ್ತಿ ಸುರಿದಳು. ಗಿರಣಿಯ ಸದ್ದಿನಲ್ಲಿ ಇನ್ನೇನೂ ಕೇಳುವಂತಿರಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದಾಗಲೂ ಅದೇ ಮಾತನ್ನು ಕೇಳಿದ್ದೇನೆ. ಊಟ ಆಯ್ತಾ ಎನ್ನುತ್ತಾಳೆ. ಅವಳು ಹೇಳದಿದ್ದರೂ ಸರಿ, ನಾನು ಕೇಳಿದ್ದು ಯಾವ ಪ್ರಶ್ನೆ ಎಂಬುದರಲ್ಲಾದರೂ ಮುಂದೆ ಗೊಂದಲವಾಗಬಾರದು ಎಂದು ಇಲ್ಲಿ ಬರೆದಿಡುತ್ತಿದ್ದೇನೆ:

"ಅವತ್ತು ಗುಡೀಲಿ ಕೈ ಮುಗ್ಕಂಡು ನಿಂತ್ಕಂಡಾಗ, ನೀನು ಅಮ್ಮನ ಹತ್ರ ಏನಂತ ಕೇಳ್ದೆ ದೊಡ್ಡಮ್ಮ?"